ಹಳೆ ಕಾರಿನ ದೋಷ: ಡೀಲರನ ಹೊಣೆ ಎಲ್ಲಿಯವರೆಗೆ?

ಸೆಕೆಂಡ್ ಹ್ಯಾಂಡ್ ಗಾಡಿಗೆ ಗ್ಯಾರಂಟಿ ಇಲ್ಲ, ಗೇಟು ದಾಟಿದ ಮೇಲೆ ಏನಾದರೂ ಕೊಂಡವನ ಹಣೆಬರಹ ಎಂಬ ಮಾತನ್ನು ಮಾರುವವರಷ್ಟೇ ಗಟ್ಟಿಯಾಗಿ ಕೊಳ್ಳುವವರೂ ನಂಬಿದ್ದಾರೆ. ಈ ನಂಬಿಕೆಗೆ ಕಾಯ್ದೆಯ ಬೆಂಬಲವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(10)ನೇ ಕಲಂ ‘ದೋಷ’ವನ್ನು ವಿವರಿಸುವಾಗ ಹೊಸ ಸರಕು, ಹಳೆ ಸರಕು ಎಂಬ ಭೇದವನ್ನೇ ಮಾಡುವುದಿಲ್ಲ. ಕಾನೂನು ಬಯಸುವ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದು ದೋಷ. ಕರಾರಿನಲ್ಲಿ ಒಪ್ಪಿದ್ದು, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡದ್ದು ಗಾಡಿಯಲ್ಲಿ ಇಲ್ಲದಿದ್ದರೆ ಅದೂ ದೋಷ.

ನನ್ನ ಓದಿನಲ್ಲಿ ಹಳೆ ಕಾರಿನ ಪ್ರಕರಣಗಳಿಗೆ ಜೀವಾಳ ಈ ಕೊನೆಯ ಭಾಗ. ‘ಒಬ್ಬರೇ ಓನರ್, ಆಕ್ಸಿಡೆಂಟ್ ಆಗಿಲ್ಲ, ಓಡಿದ್ದು 42 ಸಾವಿರ ಕಿ.ಮೀ.’ ಎಂಬ ಜಾಹೀರಾತಿನ ಸಾಲು, ವಾಟ್ಸ್ಆ್ಯಪ್‌ನಲ್ಲಿ ಬಂದ ಭರವಸೆ, ಎಲ್ಲವೂ ಗಾಡಿಯನ್ನು ಅಳೆಯುವ ಗಜಕಡ್ಡಿಗಳೇ. ಹಾಗೆಂದು ಏಳು ವರ್ಷ ಓಡಿದ ಕಾರಿನ ಕ್ಲಚ್ ಪ್ಲೇಟ್ ಸವೆದಿದ್ದರೆ ಅದನ್ನು ದೋಷವೆಂದು ವಾದಿಸುವುದು ಕಷ್ಟ. ವಯಸ್ಸಿಗೆ, ಬೆಲೆಗೆ, ಓಡಿದ ದೂರಕ್ಕೆ ತಕ್ಕ ಸವೆತವನ್ನು ಕೊಂಡವನು ಒಪ್ಪಿಯೇ ಕೊಂಡಿರುತ್ತಾನೆ.

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಇನ್ನೊಂದು ಆಸರೆ. ಅದೇ ವ್ಯಾಪಾರ ಮಾಡುವವನಿಂದ ವರ್ಣನೆಯ ಮೇಲೆ ಕೊಂಡ ಸರಕು ಮಾರಾಟಯೋಗ್ಯ ಗುಣದ್ದಾಗಿರಬೇಕು ಎಂಬ ಷರತ್ತನ್ನು ಕಾಗದದಲ್ಲಿ ಬರೆಯದಿದ್ದರೂ ಇದೆಯೆಂದೇ ಅದು ಭಾವಿಸುತ್ತದೆ. ಆದರೆ ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಕ್ಕೆ ಈ ರಕ್ಷಣೆ ಸಿಗದು. ‘ನೀವೇ ಮೆಕ್ಯಾನಿಕ್ ಕರೆತಂದು ನೋಡಿದ್ದಿರಲ್ಲ’ ಎಂದು ಡೀಲರ್ ಹೇಳುವುದು ಇದೇ ಬಲದ ಮೇಲೆ. ಆದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದು ಅರ್ಧ ಗಂಟೆಯ ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗುವುದಾದರೂ ಹೇಗೆ? ಮೀಟರ್ 42 ಸಾವಿರ ತೋರಿಸುತ್ತದೆ, ಬ್ರೇಕ್ ಪೆಡಲ್‌ನ ರಬ್ಬರ್ ಮಾತ್ರ ಗೀರು ಅಳಿಸಿ ನುಣುಪಾಗಿರುತ್ತದೆ. ಎರಡು ವರ್ಷದ ಹಿಂದಿನ ಸರ್ವಿಸ್ ದಾಖಲೆ ತೆಗೆಸಿದರೆ ಅಲ್ಲಿ 71 ಸಾವಿರ ಎಂದಿರುತ್ತದೆ. ನೀರಲ್ಲಿ ಮುಳುಗಿದ ಗಾಡಿಯೂ ಹಾಗೆಯೇ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ನಿಂತಲ್ಲೇ ಮುಳುಗಿದ ಕಾರುಗಳನ್ನು ನೆನೆಯಿರಿ. ಸೀಟಿನ ಬಟ್ಟೆ ಬದಲಿಸಿ ಪಾಲಿಷ್ ಹೊಡೆದ ಮೇಲೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಬಹುದು, ಸೀಟಿನಡಿಯ ಬೋಲ್ಟುಗಳಲ್ಲಿ ತುಕ್ಕು ಇರಬಹುದು. ವೈರಿಂಗ್ ಕೈಕೊಡುವುದು ತಿಂಗಳುಗಳ ನಂತರ. ಇಂಥ ದೋಷವನ್ನು ಕೊಂಡವನು ನೋಡಿಯೇ ಒಪ್ಪಿದ್ದ ಎನ್ನುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ರಸೀದಿಯಡಿಯ ‘ಇದ್ದದ್ದು ಇದ್ದ ಹಾಗೆ’ ಎಂಬ ಸಾಲಿಗೆ ಸ್ವಲ್ಪ ಬಲವಿದೆ. 1930ರ ಕಾಯ್ದೆಯ 62ನೇ ಕಲಂ ಪ್ರಕಾರ ಇಬ್ಬರೂ ಒಪ್ಪಿ ಇಂಥ ಷರತ್ತುಗಳನ್ನು ತೆಗೆದುಹಾಕಬಹುದು. ಆದರೆ ಸುಳ್ಳು ಹೇಳಿ ಮಾರಿದ ಹೊಣೆಯಿಂದ ಆ ಸಾಲು ಯಾರನ್ನೂ ಪಾರು ಮಾಡದು. ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದಾಗ, ದೋಷವಿರುವ ಸರಕನ್ನು 30 ದಿನದೊಳಗೆ ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ.

‘ನಾವು ಬರೀ ಬ್ರೋಕರ್, ಮಾರಿದ್ದು ಹಿಂದಿನ ಓನರ್’ ಎಂಬ ವಾದ ಈಗ ಮೊದಲಿನಷ್ಟು ಸುಲಭವಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಹಳೆ ವಾಹನದ ಡೀಲರರಿಗೆ ಅಧಿಕಾರ ಪತ್ರ ಕಡ್ಡಾಯ ಮಾಡಿತು. ಗಾಡಿಯನ್ನು ತನಗೊಪ್ಪಿಸಿದ್ದು ವಿಧಿಪ್ರಕಾರ ದಾಖಲಾದ ಮೇಲೆ ಡೀಲರನೇ ಅದರ ಮಾಲೀಕನೆಂದು ಪರಿಗಣಿತ. ಗಾಡಿ ಯಾವ ಕೆಲಸಕ್ಕೆ, ಯಾರ ಕೈಯಲ್ಲಿ, ಎಷ್ಟು ದೂರ ಓಡಿತೆಂಬುದನ್ನು ಆತ ಎಲೆಕ್ಟ್ರಾನಿಕ್ ವಹಿಯಲ್ಲಿ ಬರೆದಿಡಬೇಕು. ಮೀಟರ್ ವಿವಾದದಲ್ಲಿ ಈ ವಹಿಯನ್ನು ಹಾಜರುಪಡಿಸುವಂತೆ ಕೇಳಬೇಕೆಂದು ನನ್ನ ಸಲಹೆ.

ಕೊರತೆ ಇರುವುದು ಸಾಕ್ಷ್ಯದ ಹೊರೆಯಲ್ಲಿ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ, ಕೊಂಡ ಆರು ತಿಂಗಳೊಳಗೆ ಕಂಡ ದೋಷಕ್ಕೆ ದುರಸ್ತಿಯನ್ನೋ ಬದಲಿಯನ್ನೋ ಕೇಳಿದಾಗ, ಆ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಇರಲಿಲ್ಲವೆಂದು ತೋರಿಸಬೇಕಾದವನು ವ್ಯಾಪಾರಿ. ಹಳೆ ಕಾರಿಗೂ ಇದು ಅನ್ವಯ. ನಮ್ಮ ಕಾಯ್ದೆಯಲ್ಲಿ ಇಂಥ ನಿಯಮವಿಲ್ಲ, ಇರಲೇಬೇಕಿತ್ತು. ಇಲ್ಲಿ ದೂರುದಾರನೇ ರುಜುವಾತು ಮಾಡಬೇಕು. 38ನೇ ಕಲಂನಡಿ ಆಯೋಗ ಪ್ರಯೋಗಾಲಯದ ಪರೀಕ್ಷೆಗೆ ಆದೇಶಿಸಬಹುದು, ಅದರ ವರದಿಗೆ 45 ದಿನಗಳ ಅವಧಿಯಿದೆ. ಅಷ್ಟರಲ್ಲಿ ಗಾಡಿ ಬಿಚ್ಚಿ ರಿಪೇರಿ ಮಾಡಿಸಿದ್ದರೆ ಪರೀಕ್ಷಿಸಲು ಉಳಿದಿರುವುದೇನು? ಬಿಚ್ಚುವ ಮೊದಲೇ ಬೇರೊಂದು ವರ್ಕ್‌ಶಾಪಿನ ಲಿಖಿತ ವರದಿ, ಫೋಟೊ, ಡೀಲರನಿಗೆ ನೋಟಿಸು ಇವಿಷ್ಟೂ ಕೈಯಲ್ಲಿರಬೇಕು.

ಕೊಟ್ಟ ಬೆಲೆ 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಕೊಂಡ ಕಾರಿಗೆ ಹಾವೇರಿಯ ನಿವಾಸಿ ಹಾವೇರಿಯಲ್ಲೇ ದೂರು ಕೊಡಬಹುದು. ಟ್ಯಾಕ್ಸಿ ಓಡಿಸಲು ಕೊಂಡವನೂ, ಅದು ಅವನ ಸ್ವಂತ ದುಡಿಮೆಯ ಜೀವನೋಪಾಯವಾಗಿದ್ದರೆ, ಗ್ರಾಹಕನೇ. ಕಾಲಮಿತಿ ಎರಡು ವರ್ಷ. ‘ಮುಂದಿನ ವಾರ ತನ್ನಿ, ಸರಿ ಮಾಡಿಕೊಡ್ತೀವಿ’ ಎಂಬ ಬಾಯಿಮಾತಿನಲ್ಲಿ ಆ ಅವಧಿ ಕರಗುತ್ತದೆ. ಗಾಡಿ ಬಿಟ್ಟುಬರುವಾಗಲೆಲ್ಲ ದಿನಾಂಕ, ದೂರಿನ ವಿವರ, ಮೀಟರ್‌ನ ಅಂಕಿ ನಮೂದಿಸಿದ ಜಾಬ್ ಕಾರ್ಡ್‌ನ ಪ್ರತಿಯನ್ನು ಕೇಳಿ ಪಡೆಯಬೇಕು.