ಹುಟ್ಟು, ಹಂಬಲ ಮತ್ತು ಉದ್ಯೋಗ

ಮಸ್ಕಿಯ ಹೆಸರು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರ ಕಣ್ಣಿಗೆ ಬಿದ್ದ ಆ ಬಂಡೆಗಲ್ಲಿನ ಬರಹದಿಂದ 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಈ ಸಂಗತಿಯನ್ನು ಶಾಲೆಯ ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ಅದೇ ಶಾಸನದಲ್ಲಿ ಇನ್ನೊಂದು ವಿಚಾರವೂ ಇದೆ. ಧರ್ಮನಿಷ್ಠೆಯಿಂದ ದೊರೆಯುವ ಫಲವು ದೊಡ್ಡವರಿಗೆ ಮಾತ್ರ ಎಂದು ಭಾವಿಸಬಾರದು, ಅದು ಸಣ್ಣವರಿಗೂ ಸಾಧ್ಯ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಅರಸನು ಮಾತನಾಡಿದ್ದು ಧರ್ಮವನ್ನು ಕುರಿತು, ಉದ್ಯೋಗವನ್ನು ಕುರಿತಲ್ಲ ಎಂಬುದು ನಿಜ. ಆದರೂ 'ಇದು ನನ್ನಂಥವನಿಗಲ್ಲ' ಎಂದು ಸಣ್ಣವನು ಭಾವಿಸುತ್ತಾನೆ ಎಂಬುದನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಆಡಳಿತವೇ ಗಮನಿಸಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ. ಮನುಷ್ಯನ ಅಂತಸ್ತು ಅವನ ಉದ್ಯೋಗವನ್ನಷ್ಟೇ ಅಲ್ಲದೆ ಉದ್ಯೋಗದ ಹಂಬಲವನ್ನೂ ಹೇಗೆ ರೂಪಿಸುತ್ತದೆ ಎಂಬುದನ್ನು ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಚರಿತ್ರೆಯ ಮೂಲಕವೇ ನೋಡಬಹುದು.

ಹನ್ನೆರಡನೆಯ ಶತಮಾನದ ಶರಣರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಈ ದಂಪತಿಗಳಿಗೆ ಕಲ್ಯಾಣದ ಶರಣ ಸಮೂಹದಲ್ಲಿ ದೊರೆತ ಗೌರವ ದೊಡ್ಡದು. ಯಾವ ದುಡಿಮೆಯೂ ಕೀಳಲ್ಲವೆಂದು ಸಾರಿದ ಆ ಚಳವಳಿಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ದುಡಿಮೆಗೆ ಗೌರವ ಕೊಡುವುದು ಒಂದು, ದುಡಿಮೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಡುವುದು ಮತ್ತೊಂದು. ಮುಂದಿನ ಶತಮಾನಗಳಲ್ಲಿ ಮೊದಲನೆಯದು ಮಾತಿನಲ್ಲಿ ಉಳಿಯಿತು. ಎರಡನೆಯದು ಹಳ್ಳಿಯ ವ್ಯವಸ್ಥೆಯೊಳಗೆ ಬೇರೂರಲಿಲ್ಲ.

ನಿಜಾಮರ ಕಾಲದ ಹಳ್ಳಿಯನ್ನೇ ನೋಡಿ. ಕಂದಾಯ ವಸೂಲಿಗೆ ಮಾಲಿಪಾಟೀಲ, ಶಾಂತಿಪಾಲನೆಗೆ ಪೊಲೀಸ್‌ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ, ಕಾವಲಿಗೆ ತಳವಾರ. ಇವೆಲ್ಲವೂ ವತನದ ಹುದ್ದೆಗಳು, ತಂದೆಯ ತರುವಾಯ ಮಗನಿಗೆ ಬರತಕ್ಕವು. ಬಡಿಗ, ಕಮ್ಮಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರು ಸುಗ್ಗಿಯ ಕಣದಲ್ಲಿ ತಮ್ಮ ಪಾಲಿನ ಕಾಳು ಪಡೆಯುತ್ತಿದ್ದರು. ಇವರ ಕೆಳಗೆ, ಪಡೆದ ಸಾಲಕ್ಕೆ ತನ್ನ ಮೈಯನ್ನೂ ಮಕ್ಕಳ ಮೈಯನ್ನೂ ಒತ್ತೆಯಿಟ್ಟ ಜೀತದಾಳು ಇದ್ದನು. ಇಂಥ ಹಳ್ಳಿಯ ಹುಡುಗನನ್ನು 'ನೀನು ಮುಂದೆ ಏನಾಗುವೆ?' ಎಂದು ಕೇಳುವುದಕ್ಕೆ ಅರ್ಥವೇ ಇರಲಿಲ್ಲ. ಅವನ ತಂದೆ ಯಾರೆಂಬುದೇ ಅದಕ್ಕೆ ಉತ್ತರವಾಗಿತ್ತು. ಹೈದರಾಬಾದು ಸಂಸ್ಥಾನವು 1936ರಲ್ಲಿ ಭಾಗೇಲ ಪದ್ಧತಿಯ ಜೀತವನ್ನು ನಿಯಂತ್ರಿಸುವ ಕಾನೂನನ್ನು ತಂದಿತಾದರೂ, ಜೀತಪದ್ಧತಿಯನ್ನು ದೇಶಾದ್ಯಂತ ರದ್ದುಗೊಳಿಸುವ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು.

ಸರಕಾರಿ ನೌಕರಿ ಎಂಬ ಹೊಸ ದಾರಿ ತೆರೆದಾಗ ಅದರ ಬಾಗಿಲಿನಲ್ಲಿ ಭಾಷೆ ನಿಂತಿತ್ತು. 1884ರ ಹೊತ್ತಿಗೆ ಸಂಸ್ಥಾನದ ಆಡಳಿತದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿಯೇ ಆರಂಭವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಡುವ ಆ ಪ್ರಯೋಗ ಶ್ಲಾಘ್ಯವಾದದ್ದೇ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಸಿಂಧನೂರಿನ ರೈತನ ಮಗನಿಗೆ ಅದು ಪರಭಾಷೆ, ಹೈದರಾಬಾದು ದೂರದ ನಗರ. 1901ರಲ್ಲಿ ಇಡೀ ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಮೂರು ಮಂದಿ ಮಾತ್ರ. ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿದ್ದ ಕಾಲವೂ ಒಂದಿತ್ತು. 1905ರಲ್ಲಿ ಆ ಜಿಲ್ಲೆಯೇ ರದ್ದಾಗಿ, ತಾಲ್ಲೂಕುಗಳು ರಾಯಚೂರು, ಗುಲಬರ್ಗಾ ಜಿಲ್ಲೆಗಳಿಗೆ ಹಂಚಿಹೋದವು. ಕಚೇರಿ ಇದ್ದೆಡೆ ವಕೀಲ, ಗುಮಾಸ್ತ, ಶಿಕ್ಷಕ ಇರುತ್ತಾರೆ. ಅವರನ್ನು ಕಂಡ ಹುಡುಗನಿಗೆ ತಾನೂ ಹಾಗಾಗಬೇಕೆಂಬ ಆಸೆ ಮೂಡುತ್ತದೆ. ಜಿಲ್ಲೆಯ ಕಚೇರಿಯನ್ನು ಕಳೆದುಕೊಂಡ ಊರು ಅಂಥ ಮಾದರಿಗಳಲ್ಲಿ ಕೆಲವನ್ನಾದರೂ ಕಳೆದುಕೊಳ್ಳುತ್ತದೆ. ರಾಯಚೂರಿನಲ್ಲಿ ಪಂಡಿತ ತಾರಾನಾಥರು 1920ರ ದಶಕದಲ್ಲಿ ನಡೆಸಿದ ಹಮ್‌ದರ್ದ್ ಶಾಲೆಯಂಥ ಪ್ರಯತ್ನಗಳ ಬೆಲೆ ತಿಳಿಯುವುದು ಈ ಹಿನ್ನೆಲೆಯಲ್ಲಿ.

1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಈ ಸೀಮೆ ಕನ್ನಡ ರಾಜ್ಯದಲ್ಲಿ ಒಂದಾಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ಕುರಿತು ಆಂಧ್ರದಿಂದ ಹೋದ ಗಾಜುಲ ದಶರಥರಾಮ ರಾವ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೇವಲ ವಂಶದ ಆಧಾರದ ಮೇಲೆ ಹುದ್ದೆಗೆ ಆದ್ಯತೆ ಕೊಡುವುದು ಸಂವಿಧಾನದ 16ನೆಯ ವಿಧಿಗೆ ವಿರುದ್ಧವೆಂದು 1960ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಮರುವರ್ಷವೇ ಮೈಸೂರು ರಾಜ್ಯವು ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯನ್ನು ಮಾಡಿತು. ಹುದ್ದೆಗಳು ಹೋದವು. ಮಾಲಿಪಾಟೀಲ, ಪೊಲೀಸ್‌ಪಾಟೀಲ, ಕುಲಕರ್ಣಿ ಎಂಬವು ಅಡ್ಡಹೆಸರುಗಳಾಗಿ ಮಾತ್ರ ಉಳಿದವು. ಆದರೆ ವತನದ ಮನೆಯಲ್ಲಿ ಹುದ್ದೆಯೊಂದಿಗೆ ಅಕ್ಷರವಿತ್ತು, ನೆಲವಿತ್ತು, ಕಚೇರಿಯ ಪರಿಚಯವಿತ್ತು. ಕಾಯಿದೆ ಹುದ್ದೆಯನ್ನು ಕಿತ್ತುಕೊಂಡಿತೇ ಹೊರತು ಇವನ್ನಲ್ಲ. ಆದ್ದರಿಂದ ಹೊಸ ಕಾಲದ ಪರೀಕ್ಷೆಗಳಿಗೆ ಮೊದಲು ಸಿದ್ಧರಾದವರು ಅಂಥ ಮನೆಗಳವರೇ ಆದುದರಲ್ಲಿ ಆಶ್ಚರ್ಯವಿಲ್ಲ.

ಸಂಪತ್ತು ಬಂದರೂ ಹಳೆಯ ಅಂತಸ್ತೇ ಅದರ ಹಂಚಿಕೆಯನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದಕ್ಕೆ ಸಿಂಧನೂರು ಒಳ್ಳೆಯ ಉದಾಹರಣೆ. 1945ರಲ್ಲಿ ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ಬಿಡತೊಡಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಯ ನೆಲಕ್ಕೆ ನೀರು ತಂದಿತು. ನೀರು ಎಲ್ಲರ ಹೊಲಕ್ಕೂ ಒಂದೇ. ಆದರೆ ಒಣಬೇಸಾಯದ ರೈತನಿಗೆ ಗದ್ದೆ ಮಟ್ಟಮಾಡುವ ಬಂಡವಾಳವಿರಲಿಲ್ಲ, ಭತ್ತದ ಅನುಭವವಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದ ರೈತರಿಗೆ ಎರಡೂ ಇದ್ದವು. ಅವರು ತಮ್ಮ ಊರಿನ ತುಂಡು ನೆಲವನ್ನು ಮಾರಿ, ಇಲ್ಲಿ ಅದರ ಹಲವು ಪಟ್ಟು ನೆಲವನ್ನು ಕೊಂಡರು. ಅವರ ವಸತಿಗಳು ಇಂದಿಗೂ 'ಕ್ಯಾಂಪು'ಗಳೆಂದೇ ಪ್ರಸಿದ್ಧ. ಸ್ಥಳೀಯರಲ್ಲಿ ಅನೇಕರು ನೆಲ ಮಾರಿ, ತಮ್ಮದಾಗಿದ್ದ ನೆಲದ ಸುತ್ತಲೇ ಕೂಲಿಗೆ ನಿಂತರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಇದೇ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳೂ ಇವೆ. ಒಂದನ್ನು ಬಂಡವಾಳ ಕಟ್ಟಿತು, ಇನ್ನೊಂದನ್ನು ಸಂಕಟ ಕಟ್ಟಿತು. 'ಕ್ಯಾಂಪು' ಎಂಬ ಹೆಸರು ಒಂದೇ ಆದರೂ ಎರಡರ ಮಕ್ಕಳೂ ಒಂದೇ ಮೆಟ್ಟಿಲಿನಿಂದ ಹೊರಟವರಲ್ಲ.

ಲಿಂಗಸುಗೂರಿನ ಹಟ್ಟಿಯ ಕಥೆ ಬೇರೆ. ಅಲ್ಲಿಯ ಪುರಾತನ ಗಣಿಗಳಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಆಳಕ್ಕೆ ಇಳಿದಿದ್ದರು. ಅವರಲ್ಲಿ ಒಬ್ಬನ ಹೆಸರೂ ನಮಗೆ ತಿಳಿಯದು. 1947ರಲ್ಲಿ ಸ್ಥಾಪಿತವಾದ ಕಂಪನಿ ಮುಂದೆ ರಾಜ್ಯ ಸರಕಾರದ ಉದ್ಯಮವಾಯಿತು. ಮಳೆ ಬರಲಿ ಬಿಡಲಿ, ತಿಂಗಳಿಗೊಮ್ಮೆ ಸಂಬಳ ಬರುವ ದುಡಿಮೆ ಈ ಬರಸೀಮೆಗೆ ಹೊಸದು. ತಂದೆ ಭೂಮಿಯೊಳಕ್ಕೆ ಇಳಿದರೆ ಮಗ ಫಿಟ್ಟರನೋ ಎಲೆಕ್ಟ್ರಿಷಿಯನನೋ ಆಗಬಹುದೆಂಬ ಯೋಚನೆಗೆ ಅದು ಆಸ್ಪದವಿತ್ತಿತು. ಹಂಬಲಕ್ಕೂ ಒಂದು ಆಧಾರ ಬೇಕು. ನಾಳೆಯ ಊಟ ಖಚಿತವಿದ್ದವನು ಮಾತ್ರ ಹತ್ತು ವರ್ಷಗಳಾಚೆಯದನ್ನು ಯೋಚಿಸಬಲ್ಲ.

ಸಮಾಜಶಾಸ್ತ್ರಜ್ಞರು ಕಂಡುಕೊಂಡದ್ದೂ ಇದನ್ನೇ. 1967ರಲ್ಲಿ ಅಮೆರಿಕದ ಬ್ಲಾವ್ ಮತ್ತು ಡಂಕನ್ ಎಂಬ ವಿದ್ವಾಂಸರು, ತಂದೆಯ ಅಂತಸ್ತು ಬಹುಮಟ್ಟಿಗೆ ಮಗನ ವಿದ್ಯಾಭ್ಯಾಸದ ಮೂಲಕ ಅವನ ಉದ್ಯೋಗವನ್ನು ಮುಟ್ಟುತ್ತದೆಂದು ತೋರಿಸಿದರು. ನಮ್ಮ ದೇಶದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಉತ್ತರ ಪ್ರದೇಶದ ಹಳ್ಳಿಯ ಬಾಲಕರಿಗೆ ದಾರಿಯೊಗಟುಗಳನ್ನು ಬಿಡಿಸಲು ಕೊಟ್ಟು ಪರೀಕ್ಷಿಸಿದರು. ಜಾತಿಯನ್ನು ಹೇಳದಿದ್ದಾಗ ಸರಿಸುಮಾರು ಸಮನಾಗಿ ಬಿಡಿಸಿದ ಬಾಲಕರಲ್ಲಿ, ಎಲ್ಲರೆದುರು ಜಾತಿಯನ್ನು ಸಾರಿದೊಡನೆ ಕೆಳಜಾತಿಯವರು ಹಿಂದೆ ಬಿದ್ದರು. ಸುಖದೇವ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರ 2007ರ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದಾಗ, ದಲಿತರೆಂದು ಹೆಸರಿನಿಂದಲೇ ತಿಳಿಯುವವರಿಗೆ ಕರೆ ಬಂದದ್ದು ಕಡಿಮೆ. ಅಂದರೆ ಅಡ್ಡಿಗಳು ಮೂರು: ಶಾಲೆಯಲ್ಲಿ ಒಂದು, ಮನಸ್ಸಿನಲ್ಲಿ ಒಂದು, ಕೆಲಸ ಕೊಡುವವನ ಮೇಜಿನ ಮೇಲೆ ಒಂದು. 'ಈ ಕಡೆಯ ಹುಡುಗರಿಗೆ ಮಹತ್ವಾಕಾಂಕ್ಷೆಯೇ ಇಲ್ಲ' ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಪರಿಣಾಮವನ್ನೇ ಕಾರಣವೆಂದು ಹೇಳುವ ಮಾತು.

ಡಾ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಲಿಂಗಸುಗೂರು, ಸಿಂಧನೂರುಗಳೂ ಅವುಗಳಲ್ಲಿ ಸೇರಿದ್ದವು. ಮಸ್ಕಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ಇದ್ದರೆ, ರಾಯಚೂರು ಜಿಲ್ಲೆಯದು 60ನ್ನು ಮುಟ್ಟಲಿಲ್ಲ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಮೇರೆಗೆ 2013ರಿಂದ ಈ ಭಾಗದ ಸಿ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 80, ಡಿ ವರ್ಗದಲ್ಲಿ 85 ಸ್ಥಳೀಯರಿಗೆ ಮೀಸಲಾಗಿವೆ. ಇದು ದೊಡ್ಡ ಹೆಜ್ಜೆ. ಪ್ರದೇಶಗಳ ನಡುವಣ ಅಂತರವನ್ನು ಇದು ತಗ್ಗಿಸೀತು. ಪ್ರದೇಶದೊಳಗಿನ ಅಂತರ ಮಾತ್ರ ತಾನಾಗಿಯೇ ಕರಗುವುದಿಲ್ಲ.

ಏಕೆಂದರೆ ಹುದ್ದೆಯ ಮೀಸಲಾತಿ ಫಲ ಕೊಡುವುದು ಅರ್ಜಿ ಹಾಕುವ ಅರ್ಹತೆ ಇದ್ದವನಿಗೆ. ಮುಂಗಾರು ಕೈಕೊಟ್ಟ ವರ್ಷ ನೀರಾವರಿಯಿಲ್ಲದ ಹಳ್ಳಿಗಳಿಂದ ಬೆಂಗಳೂರಿಗೋ ಪುಣೆಗೋ ಗುಳೆ ಹೊರಡುವ ಕುಟುಂಬ ತನ್ನ ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತದೆ. ಏಳನೆಯ ತರಗತಿಯ ನಡುವೆ ಪಾಟಿಚೀಲ ಬಿಟ್ಟುಹೋದ ಹುಡುಗಿಯೊಬ್ಬಳು ಮರಳಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಹತ್ತು ವರ್ಷಗಳ ತರುವಾಯ ಅವಳ ಪಾಲಿನದೆಂದು ಕಾನೂನು ಹೇಳುವ ಹುದ್ದೆಗೆ ಅವಳ ಹೆಸರು ಪಟ್ಟಿಯಲ್ಲಿಯೇ ಬರುವುದಿಲ್ಲ. ಆ ಒಂದು ವರ್ಷ ಅವಳನ್ನು ಊರಿನ ವಸತಿನಿಲಯದಲ್ಲಿ ಉಳಿಸಿಕೊಂಡು, ಹೊತ್ತಿಗೆ ಊಟವಿಕ್ಕಿ, ಓದಿಸಿ, 'ನೀನು ಏನಾಗಬೇಕೆಂದಿರುವೆ?' ಎಂದು ಕೇಳುವ ಒಬ್ಬ ಉಪಾಧ್ಯಾಯಿನಿ ಇದ್ದರೆ, 371ಜೆ ವಿಧಿ ಅವಳಿಗೂ ಬರೆದದ್ದಾಗುತ್ತದೆ.