ಪಾಳಿನಿಂದ ನೆಲಸಮದವರೆಗೆ: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ

ಐತಿಹಾಸಿಕ ಕಟ್ಟಡವೊಂದು ನೆಲಸಮವಾದ ಸಂಗತಿ ಸಾಮಾನ್ಯವಾಗಿ ಜೆಸಿಬಿ ಯಂತ್ರ ಬಂದು ಗೋಡೆ ಉರುಳಿಸಿದ ದಿನದೊಂದಿಗೆ ದಾಖಲಾಗುತ್ತದೆ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಒಳಗಿನ ವಹಿವಾಟು ನಿಂತು, ಬಾಗಿಲಿಗೆ ಬೀಗ ಬಿದ್ದು, ದುರಸ್ತಿಯ ಪ್ರಸ್ತಾವ ಕಡತದಲ್ಲಿ ಉಳಿದುಹೋದಾಗಲೇ ಆ ಕಟ್ಟಡದ ಅಳಿವು ಆರಂಭವಾಗಿರುತ್ತದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆಗಳ ಇತಿಹಾಸವನ್ನು ಬೆಂಗಳೂರಿನ ಕ್ರುಂಬಿಗಲ್ ಹಾಲ್ ಮತ್ತು ಅಠಾರಾ ಕಚೇರಿಗಳ ಇತಿಹಾಸದೊಂದಿಗೆ ಇಟ್ಟು ನೋಡಿದರೆ, ನೆಲಸಮವು ಒಂದು ದಿನದ ಘಟನೆಯಲ್ಲವೆಂದೂ, ತೆರವು, ನಿರ್ಲಕ್ಷ್ಯ, ಶಿಥಿಲತೆಯ ಘೋಷಣೆ ಎಂಬ ಹಂತಗಳನ್ನು ದಾಟಿ ಬರುವ ಪ್ರಕ್ರಿಯೆಯ ಕೊನೆಯೆಂದೂ ತಿಳಿಯುತ್ತದೆ. ಈ ಪ್ರಕ್ರಿಯೆಯ ಸ್ವರೂಪವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಿರ್ಮಾಣದ ಹಿನ್ನೆಲೆ

1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಿಂದ ಮತ್ತೆ ಒಡೆಯರ ಕೈಗೆ ಬಂದ ಬಳಿಕ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಮೈಸೂರು ನಗರದ ನಡುಭಾಗ ಹೊಸ ರೂಪ ಪಡೆಯತೊಡಗಿತು. ವೈಸ್‌ರಾಯ್ ಲಾರ್ಡ್ ಡಫರಿನ್ ಭೇಟಿಯ ನೆನಪಿಗೆ 1886ರಲ್ಲಿ ನಿಂತ ಗಡಿಯಾರ ಗೋಪುರ ಜನರ ಬಾಯಲ್ಲಿ ಚಿಕ್ಕ ಗಡಿಯಾರವಾಯಿತು. 1892ರಲ್ಲಿ ಭೇಟಿ ಕೊಟ್ಟ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಹೆಸರಿನಲ್ಲಿ ಅದೇ ವರ್ಷ ಎರಡು ಅಂತಸ್ತಿನ ಉದ್ದನೆಯ ವಾಣಿಜ್ಯ ಕಟ್ಟಡ ಮೇಲೆದ್ದಿತು. ವಾರದ ಸಂತೆಯಾಗಿ ಮೊದಲಾದ ದೇವರಾಜ ಮಾರುಕಟ್ಟೆ ಕೂಡ ಇದೇ ಅವಧಿಯಿಂದ ಇಪ್ಪತ್ತನೆಯ ಶತಮಾನದ ಆರಂಭದ ತನಕ ಹಂತಹಂತವಾಗಿ ಕಟ್ಟಡದ ರೂಪ ತಾಳಿ, ದಕ್ಷಿಣಕ್ಕೆ ಚಿಕ್ಕ ಗಡಿಯಾರ, ಉತ್ತರಕ್ಕೆ ಧನ್ವಂತರಿ ರಸ್ತೆಯ ನಡುವಿನ ಆಯತಾಕಾರದ ಜಾಗವನ್ನು ತುಂಬಿಕೊಂಡಿತು. ಅರಮನೆಗಳಂತೆ ಇವು ರಾಜವೈಭವದ ಕಟ್ಟಡಗಳಲ್ಲ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಅರಿಶಿನ ಕುಂಕುಮ ಮಾರುವವರೂ ಕೊಳ್ಳುವವರೂ ದಿನವೂ ಬಳಸಿದ ಕಟ್ಟಡಗಳು. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿದ್ದ ಹಳೆಯ ಪುಸ್ತಕದ ಅಂಗಡಿಗಳು ನಗರದ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಗೆ ಪುಸ್ತಕ ಸಿಗುವ ತಾಣವಾಗಿದ್ದವು. ಆದುದರಿಂದ ಇವುಗಳ ಚಾರಿತ್ರಿಕ ಮೌಲ್ಯವನ್ನು ಕಮಾನು, ಕಂಬಗಳ ಅಂದದಿಂದಷ್ಟೇ ಅಳೆಯಲಾಗದು. ಒಂದು ಶತಮಾನಕ್ಕೂ ಮೀರಿ ನಗರದ ಜನಜೀವನ ಇವುಗಳ ಸುತ್ತ ರೂಪುಗೊಂಡಿದೆ ಎಂಬುದೂ ಅಷ್ಟೇ ಮುಖ್ಯ.

ಗಾರೆಯ ಕಟ್ಟಡ ಕೆಡುವ ಬಗೆ

ಇಂಥ ಕಟ್ಟಡಗಳು ಶಿಥಿಲವಾಗುವುದು ಹೇಗೆಂದು ತಿಳಿಯದೆ ಅವುಗಳ ನೆಲಸಮದ ಕಾರಣಗಳನ್ನು ಅರ್ಥಮಾಡಿಕೊಳ್ಳಲಾಗದು. ಸುಣ್ಣ ಮತ್ತು ಮರಳನ್ನು, ಕೆಲವೆಡೆ ಇಟ್ಟಿಗೆಪುಡಿಯಾದ ಸುರ್ಕಿಯನ್ನೂ ಸೇರಿಸಿ ಅರೆದ ಗಾರೆಯಲ್ಲಿ ಇಟ್ಟಿಗೆಯ ಗೋಡೆಗಳನ್ನು ಕಟ್ಟಿ, ಮೇಲೆ ಮದ್ರಾಸ್ ತಾರಸಿ ಹಾಕುವುದು ಆ ಕಾಲದ ಪದ್ಧತಿ. ಒತ್ತೊತ್ತಾಗಿ ಜೋಡಿಸಿದ ಮರದ ಜಂತಿಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಮಿಶ್ರಣವನ್ನು ಹಾಸಿ ಬಡಿದು, ಮೇಲ್ಮೈಯನ್ನು ನೀರಿಳಿಯದಂತೆ ಮುಗಿಸುವ ಚಾವಣಿಗೆ ಮದ್ರಾಸ್ ತಾರಸಿ ಎಂದು ಹೆಸರು. ತಾರಸಿಯ ಮೇಲೆ ಬಿದ್ದ ಮಳೆನೀರು ಹರಿದುಹೋಗುತ್ತಿರುವವರೆಗೆ ಈ ರಚನೆ ಬಹುಕಾಲ ಬಾಳುತ್ತದೆ.

ಕಟ್ಟಡ ಬಳಕೆಯಲ್ಲಿದ್ದಾಗ ಮಳೆಗಾಲಕ್ಕೆ ಮುನ್ನ ಯಾರಾದರೂ ತಾರಸಿಗೆ ಹತ್ತಿ, ನೀರಿನ ಕೊಳವೆಯ ಬಾಯಿಗೆ ಅಡ್ಡಬಿದ್ದ ಎಲೆಕಸ ತೆಗೆಯುತ್ತಾರೆ, ಸೋರಿದ ಕಡೆ ತೇಪೆ ಹಾಕಿಸುತ್ತಾರೆ. ಕಟ್ಟಡ ಖಾಲಿಯಾದರೆ ಆ ಕೆಲಸ ನಿಲ್ಲುತ್ತದೆ. ಕೊಳವೆ ಕಟ್ಟಿ ನೀರು ತಾರಸಿಯ ಮೇಲೆ ನಿಂತು, ಬಿರುಕಿನೊಳಗೆ ಇಳಿದು, ಗೋಡೆಯೊಳಗೆ ಹುದುಗಿರುವ ಜಂತಿಯ ತುದಿಯನ್ನು ತಲುಪುತ್ತದೆ. ಜಂತಿಯ ನಡುಭಾಗ ಗಟ್ಟಿಯಾಗಿಯೇ ಕಂಡರೂ, ಗೋಡೆಯ ಮೇಲೆ ಕುಳಿತ ತುದಿ ಒಳಗೊಳಗೇ ಕೊಳೆತು, ಒಂದು ಮಳೆಗಾಲದಲ್ಲಿ ಚಾವಣಿ ಭಾರ ತಡೆಯದೆ ಕುಸಿಯುತ್ತದೆ. ಹಕ್ಕಿಗಳು ಉದುರಿಸಿದ ಬೀಜದಿಂದ ಮೊಳೆತ ಅರಳಿ, ಆಲದ ಗಿಡಗಳು ಬೇರಿಳಿಸಿ ಇಟ್ಟಿಗೆಗಳನ್ನು ಸರಿಸುತ್ತವೆ. ಇದರ ನಡುವೆ ಅವಸರದ ದುರಸ್ತಿಯೂ ಹಾನಿ ತರುವುದುಂಟು: ತೇವವನ್ನು ಹೊರಗೆ ಆವಿಯಾಗಲು ಬಿಡುವ ಸುಣ್ಣದ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ತೇವ ಒಳಗೇ ಉಳಿದು, ಹಳೆಯ ಗಾರೆ ಪುಡಿಪುಡಿಯಾಗುತ್ತದೆ. ಹೀಗೆ, ಕಟ್ಟಡದ ಆಯುಷ್ಯ ಮುಗಿಯಿತೆಂದು ಹೇಳಲಾಗುವ ಬಹುಪಾಲು ಸಂದರ್ಭಗಳಲ್ಲಿ ಮುಗಿದಿರುವುದು ಅದರ ನಿರ್ವಹಣೆ.

ಕುಸಿತ, ತೆರವು, ವ್ಯಾಜ್ಯ

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ದುರಂತದ ನಂತರ ಮಳಿಗೆಗಳನ್ನು ತೆರವುಗೊಳಿಸಿ ಕಟ್ಟಡವನ್ನು ಮುಚ್ಚಲಾಯಿತು. ಜನರ ಸುರಕ್ಷತೆಗಾಗಿ ಈ ಕ್ರಮ ಅನಿವಾರ್ಯವಾಗಿತ್ತು. ಆದರೆ ತೆರವಿನ ಬೆನ್ನಿಗೇ ದುರಸ್ತಿ ನಡೆಯದೆ ಹೋದದ್ದರಿಂದ ಜೀವ ಉಳಿಸಲು ಮಾಡಿದ ತೆರವೇ ಕಟ್ಟಡ ಪಾಳುಬೀಳಲು ದಾರಿಯಾಯಿತು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿದಾಗ ಚರ್ಚೆ ಎರಡೂ ಕಟ್ಟಡಗಳಿಗೆ ಹಬ್ಬಿತು. ಇವೆರಡರ ಒಡೆತನ ಮೈಸೂರು ಮಹಾನಗರ ಪಾಲಿಕೆಯದು. ಕಟ್ಟಡಗಳನ್ನು ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಒಂದು ಪಕ್ಷವಾದರೆ, ಇಂಟ್ಯಾಕ್ ಸಂಸ್ಥೆಯೂ ಸೇರಿದಂತೆ ಪರಂಪರೆ ತಜ್ಞರು ಸಾಂಪ್ರದಾಯಿಕ ವಿಧಾನದಿಂದ ದುರಸ್ತಿ ಸಾಧ್ಯವೆಂದು ವಾದಿಸಿದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2023ರಲ್ಲಿ ನ್ಯಾಯಾಲಯ ನೆಲಸಮವನ್ನು ವಿರೋಧಿಸಿದ ಅರ್ಜಿಯನ್ನು ತಳ್ಳಿಹಾಕಿತು. ಈ ದೀರ್ಘ ಅವಧಿಯ ಪ್ರತಿ ಮಳೆಗಾಲವೂ ಖಾಲಿಯಾದ ಲ್ಯಾನ್ಸ್‌ಡೌನ್ ಕಟ್ಟಡದ ಮೇಲೆ ಸುರಿದಿದೆ ಎಂಬ ಸಂಗತಿಯನ್ನು ಗಮನಿಸಬೇಕು. ಉಳಿಸಬೇಕೇ ಕೆಡವಬೇಕೇ ಎಂಬ ವಾದ ನಡೆದಷ್ಟೂ ಕಾಲ ಕೆಡವಬೇಕೆಂಬ ಪಕ್ಷಕ್ಕೆ ಹೊಸ ಸಾಕ್ಷ್ಯ ತಾನಾಗಿ ಒದಗುತ್ತಾ ಹೋಗುತ್ತದೆ.

ಬೆಂಗಳೂರಿನ ಎರಡು ನಿದರ್ಶನಗಳು

ಲಾಲ್‌ಬಾಗಿನಲ್ಲಿ 1860ರ ಸುಮಾರಿಗೆ ಉಪನ್ಯಾಸ ಮಂದಿರವಾಗಿ ಕಟ್ಟಿದ ಸಭಾಂಗಣಕ್ಕೆ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಹೆಸರಿಡಲಾಗಿತ್ತು. ಬಳಕೆ ತಪ್ಪಿ, ಚಾವಣಿ ಕೆಟ್ಟು, ಮಳೆಗೆ ಭಾಗಶಃ ಕುಸಿದ ಮೇಲೆ 2017ರ ನವೆಂಬರ್‌ನಲ್ಲಿ ಅದನ್ನು ನೆಲಸಮ ಮಾಡಲಾಯಿತು. ಆ ಕಟ್ಟಡ ಸರ್ಕಾರಿ ಉದ್ಯಾನದೊಳಗೇ ಇತ್ತು. ರಸ್ತೆ ವಿಸ್ತರಣೆಯ ಒತ್ತಡವಾಗಲಿ ವಾಣಿಜ್ಯ ಸಂಕೀರ್ಣದ ಲಾಭವಾಗಲಿ ಅದರ ಅಳಿವಿಗೆ ಕಾರಣವಲ್ಲ. ಬಿಟ್ಟುಬಿಡುವುದೊಂದೇ ಕಟ್ಟಡವನ್ನು ಅಳಿಸಲು ಸಾಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇದಕ್ಕೆ ವ್ಯತಿರಿಕ್ತವಾದದ್ದು ಕಬ್ಬನ್ ಪಾರ್ಕಿನ ಅಠಾರಾ ಕಚೇರಿ. ಸರ್ಕಾರದ ಹದಿನೆಂಟು ಇಲಾಖೆಗಳ ಕಚೇರಿಗಳಿಗಾಗಿ ಕಟ್ಟಿ, 1868ರಲ್ಲಿ ಬಳಕೆಗೆ ಬಂದ ಈ ಕಟ್ಟಡ, ವಿಧಾನಸೌಧದ ನಿರ್ಮಾಣದ ನಂತರ ಹೈಕೋರ್ಟ್‌ಗೆ ನೆಲೆಯಾಯಿತು. 1980ರ ದಶಕದಲ್ಲಿ ಇದನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಪ್ರಸ್ತಾವ ಬಂದಾಗ ನಾಗರಿಕರು ಬಲವಾಗಿ ವಿರೋಧಿಸಿದರು. ಪ್ರಸ್ತಾವ ಕೈಬಿಟ್ಟು, ಹಳೆಯ ಕಟ್ಟಡವನ್ನು ಉಳಿಸಿಕೊಳ್ಳಲಾಯಿತು. ಜನರ ಹೋರಾಟ ಇಲ್ಲಿ ನಿರ್ಣಾಯಕವಾದರೂ, ಕಟ್ಟಡಕ್ಕೆ ಅದರದೇ ಆದ ಬಳಕೆ ಇದ್ದದ್ದು ಹೋರಾಟಕ್ಕೆ ಆಧಾರ ಒದಗಿಸಿತು. ಹಾಗೆಂದು ಬಳಕೆಯೊಂದೇ ರಕ್ಷಣೆಯೆಂದು ಭಾವಿಸುವಂತಿಲ್ಲ: ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ, ಕಾಲೇಜು ನಡೆಯುತ್ತಿದ್ದಾಗಲೇ, 2022ರ ಅಕ್ಟೋಬರ್‌ನಲ್ಲಿ ಕುಸಿಯಿತು. ಬಳಕೆ ಮತ್ತು ನಿಯತವಾದ ನಿರ್ವಹಣೆ ಎರಡೂ ಕೂಡಿದರೆ ಮಾತ್ರ ಗಾರೆಯ ಕಟ್ಟಡ ನಿಲ್ಲುತ್ತದೆ.

ಕಾನೂನಿನ ಮಿತಿ

ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಧಿಸೂಚಿತವಾದ ಕಟ್ಟಡ ‘ಸಂರಕ್ಷಿತ ಸ್ಮಾರಕ’ ಎನಿಸಿಕೊಳ್ಳುತ್ತದೆ. ಅದನ್ನು ಹಾಳುಗೆಡಹುವುದು ಅಪರಾಧ. ‘ಪಾರಂಪರಿಕ ಕಟ್ಟಡ’ ಎಂಬುದು ಬೇರೆಯೇ ವರ್ಗ. ವಾಸ್ತುಶೈಲಿ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳದ್ದೆಂದು ಯೋಜನಾ ಪ್ರಾಧಿಕಾರ ಘೋಷಿಸುವ ಈ ಕಟ್ಟಡಗಳು ನಗರ ಯೋಜನಾ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಮೈಸೂರಿನಲ್ಲಿ ಇಂಥವುಗಳ ಪಟ್ಟಿ ಸಿದ್ಧವಾಗಿದೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡದ ತಾರಸಿಯನ್ನು ವರ್ಷವರ್ಷವೂ ನೋಡಿಕೊಳ್ಳುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಇನ್ನೊಂದೆಡೆ, ಅಪಾಯಕಾರಿ ಕಟ್ಟಡಗಳನ್ನು ತೆರವುಗೊಳಿಸುವ ಅಧಿಕಾರ ಪಾಲಿಕೆಯ ಕೈಯಲ್ಲಿದೆ. ಪಾಲಿಕೆಯೇ ಮಾಲೀಕನಾಗಿರುವ ಕಡೆ, ನಿರ್ವಹಿಸಬೇಕಾದವರೂ, ಅಪಾಯವೆಂದು ಗುರುತಿಸಬೇಕಾದವರೂ, ಹೊಸ ಕಟ್ಟಡದ ಬಾಡಿಗೆ ಪಡೆಯುವವರೂ ಒಬ್ಬರೇ ಆಗುತ್ತಾರೆ. ಮೂರೂ ಹೊಣೆಗಳು ಒಂದೆಡೆ ಸೇರಿದಾಗ ಕಟ್ಟಡದ ಪರವಾಗಿ ಮಾತನಾಡುವ ಸ್ವತಂತ್ರ ದನಿ ಆಡಳಿತದೊಳಗೆ ಉಳಿಯುವುದಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಗತ್ಯಗಳು ಹೊರಡುತ್ತವೆ. ಪಾರಂಪರಿಕ ಕಟ್ಟಡವನ್ನು ತೆರವುಗೊಳಿಸುವ ಆದೇಶದಲ್ಲೇ ದುರಸ್ತಿ ಆರಂಭದ ಗಡುವು ಮತ್ತು ಹಣದ ಮೂಲ ನಮೂದಾಗಬೇಕು. ಅಂತಿಮ ತೀರ್ಮಾನ ಆಗುವ ತನಕ ಚಾವಣಿಗೆ ಆಸರೆಯ ಕಂಬ, ಮಳೆನೀರಿಗೆ ದಾರಿ, ಗಿಡಗಳ ತೆರವು ಇವಿಷ್ಟು ತಾತ್ಕಾಲಿಕ ರಕ್ಷಣೆಯನ್ನು ಕಡ್ಡಾಯಗೊಳಿಸಬೇಕು. ವ್ಯಾಜ್ಯ ನಡೆಯುತ್ತಿದೆ ಎಂಬುದು ಇದಕ್ಕೆ ಅಡ್ಡಿಯಾಗಬಾರದು. ಕಟ್ಟಡ ಉಳಿಯಬಲ್ಲದೇ ಎಂಬುದನ್ನು ನಿರ್ಧರಿಸುವ ತಜ್ಞರಲ್ಲಿ ಸುಣ್ಣದ ಗಾರೆ ಮತ್ತು ಮರದ ಚಾವಣಿಯ ಕೆಲಸ ಬಲ್ಲವರಿರಬೇಕು ಮತ್ತು ಅವರು ಕಟ್ಟಡದ ಮಾಲೀಕರಿಂದ ಸ್ವತಂತ್ರರಾಗಿರಬೇಕು. ಅದೇ ಮಾದರಿಯಲ್ಲಿ ಕಟ್ಟಿದ ಹೊಸ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ 1892ರ ಗಾರೆ, ಜಂತಿ ಮತ್ತು ಕುಶಲಕರ್ಮಿಗಳ ಕೈಕೆಲಸಕ್ಕೆ ದಾಖಲೆಯಾಗಲಾರದು. ಪಾರಂಪರಿಕ ನಗರವೆಂಬ ಹೆಸರನ್ನು ಮೈಸೂರು ಉಳಿಸಿಕೊಳ್ಳಬೇಕಾದರೆ, ಕಟ್ಟಡ ಕುಸಿದ ಮೇಲೆ ಸಮಿತಿ ನೇಮಿಸುವುದನ್ನು ಬಿಟ್ಟು, ಪ್ರತಿ ಮಳೆಗಾಲಕ್ಕೆ ಮೊದಲು ಪಾರಂಪರಿಕ ಕಟ್ಟಡಗಳ ತಾರಸಿಗೆ ಹತ್ತಿ ನೋಡುವ ವ್ಯವಸ್ಥೆಯನ್ನು ಆಡಳಿತ ಈಗಲೇ ರೂಪಿಸಬೇಕು.