ಜೀಪು, ಗ್ಯಾರೇಜು ಮತ್ತು ನಾವು ಬರೆಯದ ಚರಿತ್ರೆ

ಕೊಚ್ಚಿಗೆ ಹೋದವರೆಲ್ಲ ಕಳಮಶ್ಶೇರಿಯನ್ನು ದಾಟಿಯೇ ಇರುತ್ತೀರಿ. ಆಲುವಾ ಕಳೆದು ಎಡಪ್ಪಳ್ಳಿ ಬರುವುದರೊಳಗೆ ಬಸ್ಸಿನ ಕಿಟಕಿಯಲ್ಲಿ ಬಂದು ಹೋಗುವ ಊರು ಅದು. ಇಳಿದು ನೋಡುವಂಥದ್ದು ಏನೂ ಇಲ್ಲ ಅಂತ ಅನಿಸುತ್ತದೆ. ಕುಸಾಟ್ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಿಗೆ ಬೇಕಾದರೆ ಗೊತ್ತಿರಬಹುದು, ಅದು ಕಾರ್ಖಾನೆಗಳ ಊರು. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ನಮ್ಮ ಎಚ್‌ಎಂಟಿ 1960ರ ದಶಕದಲ್ಲಿ ಅಲ್ಲಿ ಒಂದು ಘಟಕ ತೆರೆಯಿತು. ಇವತ್ತಿಗೂ ಅಲ್ಲಿನ ಒಂದು ಕವಲಿಗೆ ಎಚ್‌ಎಂಟಿ ಜಂಕ್ಷನ್ ಅಂತಲೇ ಹೆಸರು. ಪ್ರೀಮಿಯರ್ ಟಯರ್ಸ್ ಎಂಬ ಟಯರ್ ಕಾರ್ಖಾನೆ ಇದ್ದದ್ದೂ ಅಲ್ಲಿಯೇ, 1990ರ ದಶಕದಲ್ಲಿ ಅದು ಅಪೊಲೊ ಕೈಗೆ ಹೋಯಿತು. ಒಂದು ಕಡೆ ಕಬ್ಬಿಣ ಕಡೆಯುವ ಲೇತ್, ಇನ್ನೊಂದು ಕಡೆ ರಬ್ಬರು. ಹಳೇ ಜೀಪಿಗೆ ಬೇಕಾದದ್ದು ಮುಖ್ಯವಾಗಿ ಇವೆರಡೇ.

ಆ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಗೆಳೆಯನ ಜೊತೆ ಹೋಗಿದ್ದೆ. ಒಂದು ಜೀಪಿನ ಬಾಡಿಯನ್ನು ಎತ್ತಿ ಹಳೇ ಟಯರುಗಳ ಮೇಲೆ ಇಟ್ಟಿದ್ದರು. ಕೆಳಗಿನ ಚಾಸಿ ಮೀನಿನ ಮುಳ್ಳಿನ ಹಾಗೆ ಬರಿದಾಗಿ ಬಿದ್ದಿತ್ತು. ಪಕ್ಕದಲ್ಲಿ ಬೇರೆ ಯಾವುದೋ ಗಾಡಿಯ ಡೀಸೆಲ್ ಎಂಜಿನ್ ಸರಪಳಿಯಲ್ಲಿ ನೇತಾಡುತ್ತಿತ್ತು. ನನ್ನ ಕಣ್ಣು ಹೋದದ್ದು ಗೋಡೆಯ ಕಡೆಗೆ. ಮೊಳೆಗೆ ಸಿಕ್ಕಿಸಿದ ರಟ್ಟಿನ ತುಂಡುಗಳು, ಇಪ್ಪತ್ತೋ ಮೂವತ್ತೋ ಇದ್ದವು. ಒಂದೊಂದರಲ್ಲೂ ಬೇರೆ ಬೇರೆ ಅಳತೆಯ ತೂತುಗಳು, ಮೇಲೆ ಪೆನ್ಸಿಲಿನಲ್ಲಿ ಮಲಯಾಳದಲ್ಲಿ ಎಂಜಿನಿನ ಹೆಸರು. ಯಾವ ಎಂಜಿನನ್ನು ಯಾವ ಗೇರ್‌ಬಾಕ್ಸಿಗೆ ಕೂರಿಸಬೇಕಾದರೆ ನಡುವಿನ ಪ್ಲೇಟನ್ನು ಹೇಗೆ ಕೊರೆಯಬೇಕು ಎಂಬುದರ ಲೆಕ್ಕ ಅದು. ನಲವತ್ತು ವರ್ಷದ ಕೆಲಸದ ದಫ್ತರ ಅಂದರೆ ಅಷ್ಟೇ, ಎಣ್ಣೆ ಹಿಡಿದ ರಟ್ಟು.

ನಮ್ಮ ಸಮುದಾಯದ ಚರಿತ್ರೆ ಬರೆಯುವವರು ಬಂದರಿನ ವ್ಯಾಪಾರಿಗಳ ಬಗ್ಗೆ ಬರೆದಿದ್ದೇವೆ, ಉಲಮಾಗಳ ಬಗ್ಗೆ ಬರೆದಿದ್ದೇವೆ, ಟಿಪ್ಪುವಿನ ಬಗ್ಗೆಯಂತೂ ಕಪಾಟು ತುಂಬ ಬರೆದಿದ್ದೇವೆ. ಗ್ಯಾರೇಜಿನ ಬಗ್ಗೆ ಎಷ್ಟು ಬರೆದಿದ್ದೇವೆ, ನೀವೇ ಹೇಳಿ. ನಮ್ಮಲ್ಲಿ ಎಷ್ಟು ಮನೆಗಳು ಸ್ಪ್ಯಾನರಿನಿಂದ ಉಂಡಿವೆ!

ಜೀಪಿನ ಕಥೆ ಶುರುವಾಗುವುದೇ ಬಿದ್ದುಹೋದ ಒಂದು ಹೆಸರಿನಿಂದ. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪನಿ ಹುಟ್ಟಿತು. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಎಂಬ ಅಣ್ಣತಮ್ಮಂದಿರು ಮತ್ತು ಅವರ ಜೊತೆ ಮಲಿಕ್ ಗುಲಾಂ ಮುಹಮ್ಮದ್. ಕಂಪನಿಯ ಹೆಸರು ಮಹೀಂದ್ರ ಅಂಡ್ ಮುಹಮ್ಮದ್. ಈ ಗುಲಾಂ ಮುಹಮ್ಮದ್ ಅಲಿಗಢದಲ್ಲಿ ಓದಿದವರು, ಲೆಕ್ಕಪತ್ರದಲ್ಲಿ ಪಳಗಿದವರು, ಹೈದರಾಬಾದ್ ನಿಜಾಮರಿಗೆ ಹಣಕಾಸು ನೋಡಿಕೊಂಡವರು. ಅಂದರೆ ನಮ್ಮ ಬೀದರ್, ಕಲಬುರಗಿ, ರಾಯಚೂರಿನ ಜನರ ಕಂದಾಯದ ಲೆಕ್ಕವೂ ಒಂದು ಕಾಲಕ್ಕೆ ಅವರ ಮೇಜಿನ ಮೇಲೆ ಬಂದಿದ್ದಿರಬೇಕು. 1947ರಲ್ಲಿ ದೇಶ ಒಡೆಯಿತು. ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ, ಆಮೇಲೆ ಗವರ್ನರ್ ಜನರಲ್ ಆದರು. 1954ರಲ್ಲಿ ಸಂವಿಧಾನ ಸಭೆಯನ್ನೇ ವಿಸರ್ಜಿಸಿದ ಕಾರಣ ಅಲ್ಲಿನ ಚರಿತ್ರೆಯಲ್ಲಿ ಅವರಿಗೆ ಒಳ್ಳೆಯ ಹೆಸರೇನೂ ಇಲ್ಲ, ಅದನ್ನೂ ಹೇಳಿಬಿಡಬೇಕು. ಇಲ್ಲಿ 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಎಂ ಅಕ್ಷರ ಎರಡೂ ಹಾಗೇ ಉಳಿದವು, ಒಂದರ ಅರ್ಥ ಮಾತ್ರ ಬದಲಾಯಿತು.

ಆ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಬೊಂಬಾಯಿಯ ಮಝಗಾಂವ್‌ನಲ್ಲಿ ಜೋಡಿಸತೊಡಗಿತು. ಎರಡನೇ ಮಹಾಯುದ್ಧಕ್ಕೆಂದು ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಯುದ್ಧ ಮುಗಿದ ಮೇಲೆ ಅದನ್ನೇ ರೈತನ ಗಾಡಿ, ತೋಟದ ಗಾಡಿ ಅಂತ ಮಾರಿದರು. ನಮ್ಮ ಕಡೆ ನೀವು ನೋಡಿರುವ ಎತ್ತರದ ಬಾನೆಟಿನ ಜೀಪು ಇದೆಯಲ್ಲ, ಅದು ಸಿಜೆ3ಬಿ. ಅಮೆರಿಕದಲ್ಲಿ 1953ರಲ್ಲಿ ಬಂತು. ಹೊಸ ಹರಿಕೇನ್ ಎಂಜಿನ್ ಹಳೆಯದಕ್ಕಿಂತ ಎತ್ತರ ಇದ್ದದ್ದರಿಂದ ಬಾನೆಟನ್ನು ಎತ್ತರಿಸಬೇಕಾಯಿತು, ಅಷ್ಟೇ ಗುಟ್ಟು. ಅಮೆರಿಕ ಅದನ್ನು ಬಿಟ್ಟ ಮೇಲೂ ಆ ಮುಖ ದಶಕಗಟ್ಟಲೆ ನಮ್ಮಲ್ಲಿ ತಯಾರಾಗುತ್ತಲೇ ಇತ್ತು.

ಇದು ಗುಡ್ಡ ಹತ್ತುವುದು ಹೇಗೆ? ಶಕ್ತಿಯಿಂದ ಅಂತ ತಿಳಿಯಬೇಡಿ. ಎಪ್ಪತ್ತೈದು ಕುದುರೆಶಕ್ತಿ ಇವತ್ತಿನ ಸಾಧಾರಣ ಕಾರಿಗೂ ಉಂಟು. ಜೀಪಿನಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇದೆ, ಟ್ರಾನ್ಸ್‌ಫರ್ ಕೇಸ್. ಒಂದನೇ ಗೇರಿನಲ್ಲಿ ವೇಗ ಸುಮಾರು 2.8 ಪಟ್ಟು ಇಳಿಯುತ್ತದೆ, ಆ ಪೆಟ್ಟಿಗೆಯ ಲೋ ಗೇರಿನಲ್ಲಿ ಇನ್ನೂ ಎರಡೂವರೆ ಪಟ್ಟಿನ ಹತ್ತಿರ, ಕೊನೆಗೆ ಆಕ್ಸಲಿನ ಕ್ರೌನ್ ಪಿನಿಯನಿನಲ್ಲಿ 5.38 ಪಟ್ಟು. ಗುಣಿಸಿ ನೋಡಿ. ಎಂಜಿನ್ ಸುಮಾರು 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ವೇಗವನ್ನು ಕೊಟ್ಟು ಬಲವನ್ನು ಕೊಂಡುಕೊಳ್ಳುವ ವ್ಯಾಪಾರ. ಅದಕ್ಕೇ ಕೆಸರಿನಲ್ಲಿ ಒಳ್ಳೆಯ ಡ್ರೈವರ್ ಆಕ್ಸಿಲರೇಟರ್ ತುಳಿಯುವುದಿಲ್ಲ, ಲೋ ಗೇರಿಗೆ ಹಾಕಿ ಗಾಡಿಯನ್ನು ಅದರ ಪಾಡಿಗೆ ನಡೆಯಲು ಬಿಡುತ್ತಾನೆ.

ತೊಂದರೆ ಏನೆಂದರೆ ಅದು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಅದನ್ನು ಸಾಕುವುದು ಆನೆ ಸಾಕಿದ ಹಾಗಾಯಿತು. ಕಂಪನಿಯೇ ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನು ಜೀಪಿಗೆ ಇಳಿಸಿತು, ಆಮೇಲೆ ಫ್ರಾನ್ಸಿನ ಪ್ಯೂಜೊ ಎಂಜಿನ್ ಹಾಕಿ ಎಂಎಂ540 ತಂದಿತು. ಆದರೆ ಆಗಲೇ ರಸ್ತೆಯಲ್ಲಿದ್ದ ಪೆಟ್ರೋಲ್ ಜೀಪುಗಳನ್ನು ಏನು ಮಾಡುವುದು? ಅಲ್ಲಿ ಕೈ ಹಾಕಿದ್ದು ಗ್ಯಾರೇಜಿನವರು.

ಎಂಜಿನ್ ಬದಲಾಯಿಸುವುದು ಅಂದರೆ ಬಿಚ್ಚಿ ಹಾಕುವುದು ಅಂತ ನಾನೂ ತಿಳಿದಿದ್ದೆ. ಕಳಮಶ್ಶೇರಿಯ ಆಶಾನ್ ನಕ್ಕರು. (ಕೇರಳದ ವರ್ಕ್‌ಶಾಪಿನಲ್ಲಿ ಗುರುವಿಗೆ ಆಶಾನ್ ಅನ್ನುತ್ತಾರೆ. ಬೆಂಗಳೂರಿನ ಶಿವಾಜಿನಗರದಲ್ಲಿ ಅದೇ ಮನುಷ್ಯ ಉಸ್ತಾದ್. ನಮ್ಮ ಕರಾವಳಿಯಲ್ಲಿ ಉಸ್ತಾದ್ ಅಂದರೆ ಮದ್ರಸದವರು, ಆದ್ದರಿಂದ ಇಲ್ಲಿ ಮೇಸ್ತ್ರಿ.) ಎಂಜಿನಿನ ನಡು ಮತ್ತು ಗೇರ್‌ಬಾಕ್ಸಿನ ಶಾಫ್ಟಿನ ನಡು ಒಂದೇ ನೇರಕ್ಕೆ ಬರಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಅರಚುತ್ತದೆ, ಕ್ಲಚ್ ಬೇಗ ಸುಟ್ಟುಹೋಗುತ್ತದೆ. ನಡುವಿನ ಪ್ಲೇಟನ್ನು ಲೇತಿನಲ್ಲಿ ಕಡೆಯುವವನ ಕೈಯಲ್ಲಿ ಎಲ್ಲ ಇದೆ. ಇನ್ನೊಂದು ವಿಷಯ: ಡೀಸೆಲ್ ಎಂಜಿನ್ ನಿಧಾನ ತಿರುಗುತ್ತದೆ. ಹಳೇ ಪಿನಿಯನ್ ಹಾಗೇ ಬಿಟ್ಟರೆ ಗುಡ್ಡ ಹತ್ತುತ್ತದೆ, ಹೈವೇಯಲ್ಲಿ ಎಮ್ಮೆಯ ಹಾಗೆ ಹೋಗುತ್ತದೆ. ಪಿನಿಯನ್ ಬದಲಿಸಿದರೆ ಹೈವೇಯಲ್ಲಿ ಓಡುತ್ತದೆ, ಗುಡ್ಡದಲ್ಲಿ ಸೋಲುತ್ತದೆ. ಗಿರಾಕಿಯ ಮನೆ ಎಲ್ಲಿ, ದಿನಕ್ಕೆ ಎಷ್ಟು ಡಾಮರು, ಎಷ್ಟು ಮಣ್ಣು ಅಂತ ಕೇಳಿಯೇ ಅವರು ತೀರ್ಮಾನ ಮಾಡುತ್ತಾರಂತೆ. ಡಾಕ್ಟರು ಹೊಟ್ಟೆ ಮುಟ್ಟುವ ಮೊದಲು ಊಟ ಏನು ಅಂತ ಕೇಳುವ ಹಾಗೆ.

ಈ ವಿದ್ಯೆಯ ಒಂದು ಪಾಲು ಕೊಲ್ಲಿಯಿಂದ ಬಂತು. 1970ರ ದಶಕದಿಂದ ಮಲಬಾರಿನಿಂದ, ಕಾಸರಗೋಡಿನಿಂದ, ನಮ್ಮ ದಕ್ಷಿಣ ಕನ್ನಡದಿಂದ ಹೋದ ಹುಡುಗರು ಅಲ್ಲಿ ಲ್ಯಾಂಡ್ ಕ್ರೂಸರ್, ಪ್ಯಾಟ್ರೋಲ್ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತರು. ಮರಳಿಗೆ ಇಳಿಯುವ ಮೊದಲು ಟಯರಿನ ಗಾಳಿ ಇಳಿಸಬೇಕು, ಆಗ ಟಯರು ಅಗಲವಾಗಿ ಹರಡಿ ಹೂತುಹೋಗುವುದಿಲ್ಲ ಎಂಬುದನ್ನು ಮರುಭೂಮಿಯಲ್ಲಿ ಕಲಿತವರು ಅದನ್ನೇ ಇಡುಕ್ಕಿಯ ಕೆಸರಿಗೆ ತಂದರು. ಟೊಯೊಟಾದ 2ಸಿ ಡೀಸೆಲ್ ಎಂಜಿನ್ ಮಹೀಂದ್ರ ಜೀಪಿನ ಹೊಟ್ಟೆ ಸೇರಿದ್ದರ ಹಿಂದೆಯೂ ಆ ಪರಿಚಯ ಇದೆ.

ಆ ಜೀಪುಗಳು ಏನು ಮಾಡಿದವು ಅಂತ ಮನೆಯ ಹಿರಿಯರನ್ನು ಕೇಳಿ. ಬಸ್ಸು ಬಾರದ ಒಳದಾರಿಗಳಲ್ಲಿ ಸರ್ವಿಸ್ ಜೀಪೇ ಬಸ್ಸು. ಸುಳ್ಯದ ರಬ್ಬರು ತೋಟಕ್ಕೂ, ಕಾಸರಗೋಡಿನ ಪಾಣತ್ತೂರಿಗೂ, ಕೊಡಗಿನ ಕಾಫಿ ಎಸ್ಟೇಟಿಗೂ ಹೋದದ್ದು ಅದೇ. ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ, ಮದುಮಗಳನ್ನು ಗಂಡನ ಮನೆಗೆ, ಮಯ್ಯತ್ತನ್ನು ಮಸೀದಿಗೆ ಒಯ್ದದ್ದೂ ಒಂದೇ ಜೀಪು. ಇವತ್ತು ಕೊಡಚಾದ್ರಿಗೂ ಮಾಂದಲ್‌ಪಟ್ಟಿಗೂ ಮುನ್ನಾರ್ ಕಡೆಯ ಕೊಳುಕ್ಕುಮಲೆಗೂ ಪ್ರವಾಸಿಗರನ್ನು ಹತ್ತಿಸಿ ಎಷ್ಟೋ ಮನೆಗಳ ಗಂಜಿ ಬೇಯಿಸುತ್ತಿರುವುದು ಅದರ ಮಕ್ಕಳು, ಮೊಮ್ಮಕ್ಕಳು.

ಈಚೆಗೆ ಜೀಪು ಶೋಕಿಯೂ ಆಯಿತು. ಕೊಚ್ಚಿಯಿಂದ, ತಿರುವನಂತಪುರದಿಂದ ಹುಡುಗರು ಭಾನುವಾರ ಬಂತೆಂದರೆ ಗುಡ್ಡ ಹುಡುಕಿಕೊಂಡು ಹೊರಡುತ್ತಾರೆ. ನಾನು ಅದಕ್ಕೆ ಮೂಗು ಮುರಿಯುವವನಲ್ಲ. ಹಳೇ ಗಾಡಿಯನ್ನು ಗುಜರಿಗೆ ಹಾಕದೆ ಉಳಿಸಿದವರು ಅವರೇ. ಆದರೆ ಎಲ್ಲ ಬದಲಾವಣೆಯೂ ಒಂದೇ ಅಲ್ಲ. ಹೊಳೆ ದಾಟಲು ಗಾಳಿಯ ಕೊಳವೆಯನ್ನು ಮೇಲಕ್ಕೆ ಎತ್ತಿಕೊಳ್ಳುವುದು, ಮುಂದೆ ವಿಂಚ್ ಕಟ್ಟುವುದು ಸರಿ. ನೋಟಕ್ಕೆಂದು ಗಾಡಿ ಎತ್ತರಿಸಿ ದೈತ್ಯ ಟಯರು ಹಾಕಿದರೆ? ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಅದರ ಜಾಯಿಂಟ್ ತಿನ್ನುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಹಳೇ ಡ್ರಮ್ ಬ್ರೇಕಿಗೆ ಹೊಸ ಟಯರಿನ ಭಾರ ನಿಲ್ಲಿಸುವ ತಾಕತ್ತು ಇರುವುದಿಲ್ಲ. ಸ್ಟೇರಿಂಗ್ ಅದುರುತ್ತದೆ ಅಂತ ಬಂದವನಿಗೆ ಆಶಾನ್ ಮೊದಲು ನೋಡುವುದು ಮುಂದಿನ ಆಕ್ಸಲಿನ ಕಿಂಗ್ ಪಿನ್ ಬೇರಿಂಗನ್ನು. ಅದರ ಅಡಿಯ ತೆಳು ತಗಡುಗಳನ್ನು ಒಂದೊಂದಾಗಿ ತೆಗೆದು ಬಿಗಿ ನೋಡುತ್ತಾರೆ. ಅರ್ಧ ದಿನದ ಕೆಲಸ, ಹೊರಗಿನಿಂದ ಏನೂ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ದುಡ್ಡು ಕೊಡಲು ಹುಡುಗರಿಗೆ ಮನಸ್ಸಿಲ್ಲ ಎಂಬುದೇ ಅವರ ಬೇಸರ.

2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಆಲುವಾ, ಕಳಮಶ್ಶೇರಿ ಕಡೆಗೆಲ್ಲ ನೀರು ನುಗ್ಗಿತು. ಅದೇ ದಿನಗಳಲ್ಲಿ ನಮ್ಮ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. ಕೇರಳದಲ್ಲಿ ಮೀನುಗಾರರ ದೋಣಿಗಳ ಸಾಹಸ ಎಲ್ಲರಿಗೂ ಗೊತ್ತು. ದೋಣಿಗೆ ನೀರು ಸಾಲದ, ಕಾರಿಗೆ ನೀರು ಹೆಚ್ಚಾದ ರಸ್ತೆಗಳಲ್ಲಿ ಜನರನ್ನು ಹೊತ್ತು ತಂದದ್ದು ಈ ಎತ್ತರಿಸಿದ ಜೀಪುಗಳು. ಆಗ ಯಾರೂ ಆರ್‌ಸಿ ಪುಸ್ತಕ ಕೇಳಲಿಲ್ಲ.

ಐದು ತಿಂಗಳು ಕಳೆದು, 2019ರ ಜನವರಿ 9ರಂದು, ಕೇರಳದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಯಾರಕ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಕೋರ್ಟು ಹೊಸದಾಗಿ ಏನನ್ನೂ ಕಟ್ಟಲಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದನ್ನೇ ಹೇಳಿತು. ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಬೇರೆ ಇದೆ. 1988ರ ಕಾಯ್ದೆಯ ಮೊದಲ ರೂಪದಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ಬದಲಾಯಿಸುವ ದಾರಿ ಇತ್ತು. 2000ದ ತಿದ್ದುಪಡಿ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು, ಇಂಧನ ಬದಲಾಯಿಸುವ ಅಂಗೀಕೃತ ಕಿಟ್ಟಿನಂಥ ಕೆಲವಕ್ಕೆ ಮಾತ್ರ ಕಿಂಡಿ ಬಿಟ್ಟಿತು. 2019ರ ಇನ್ನೊಂದು ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಮೇಲಾಗಿ 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರು, ಜೀಪಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5000ಕ್ಕೆ ಏರಿತು.

ಕಾನೂನಿನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. 2023ರ ಆಗಸ್ಟ್ 25ರಂದು ವಯನಾಡಿನ ಮಾನಂತವಾಡಿ ಹತ್ತಿರ ಕಣ್ಣೋತ್ತುಮಲೆಯಲ್ಲಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಚಹಾ ತೋಟದ ಕೂಲಿ ಹೆಂಗಸರ ಜೀಪು ಕೊರಕಲಿಗೆ ಉರುಳಿತು. ಒಂಬತ್ತು ಹೆಂಗಸರು ತೀರಿಕೊಂಡರು. ಜೀಪಿನ ಗುಣಗಾನ ಮಾಡುವ ಯಾವ ಲೇಖನವೂ ಆ ಹೆಂಗಸರನ್ನು ಬಿಟ್ಟು ಮುಂದೆ ಹೋಗಬಾರದು. ಗುಡ್ಡದ ಬಡವರಿಗೆ ಇವತ್ತಿಗೂ ಜೀಪೇ ಬಸ್ಸು ಎಂಬುದು ಅಭಿಮಾನದ ಮಾತಲ್ಲ.

ಹಾಗಾದರೆ ಬೇಕಾದದ್ದು ಏನು? ಬ್ರೇಕು, ಸ್ಟೇರಿಂಗು, ಚಾಸಿಯ ವೆಲ್ಡಿಂಗು ಬಲ್ಲವನು ಗಾಡಿಯ ಅಡಿ ಮಲಗಿ ನೋಡಿ ಸಹಿ ಹಾಕುವ ಒಂದು ಪದ್ಧತಿ. ಬ್ರಿಟನ್ನಿನಲ್ಲಿ ತೀರಾ ಬದಲಾಯಿಸಿದ ಗಾಡಿಯನ್ನು ಒಂದೊಂದಾಗಿ ಪರೀಕ್ಷಿಸಿ ಒಪ್ಪುವ ಏರ್ಪಾಡು ಇದೆ. ನಮ್ಮಲ್ಲಿ ಬಹುಮಟ್ಟಿಗೆ ನಿಷೇಧ ಇದೆ, ಅದರ ಪಕ್ಕದಲ್ಲೇ ಕಣ್ಣು ಮುಚ್ಚುವ ರೂಢಿ ಇದೆ. ಒಳ್ಳೆಯ ಕೈಕೆಲಸದವನೂ ಗಾಡಿ ಹಾಳು ಮಾಡುವವನೂ ಕಾನೂನಿನ ಕಣ್ಣಲ್ಲಿ ಒಂದೇ. ಹೀಗಿರುವಾಗ ಆಶಾನರ ಹತ್ತಿರ ಕಲಿಯಲು ಬರುವ ಹುಡುಗ ಯಾಕೆ ಬರಬೇಕು? ಅವರ ಮಗ ಬರಲಿಲ್ಲ, ಷೋರೂಮಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಗಾಡಿ ನೋಡುವ ಕೆಲಸಕ್ಕೆ ಹೋದ. ತಪ್ಪೇನಿಲ್ಲ, ಸಂಬಳ ಬರುತ್ತದೆ.

ಹೊರಡುವಾಗ ಗೋಡೆಯ ರಟ್ಟುಗಳ ಫೋಟೊ ತೆಗೆಯಲೇ ಅಂತ ಕೇಳಿದೆ. "ಇದೆಂಥಾ ಚರಿತ್ರೆ ಮಾಶೇ" ಅಂದರು, ಆದರೆ ಒಂದೊಂದನ್ನೇ ಮೊಳೆಯಿಂದ ಇಳಿಸಿ, ಎಣ್ಣೆ ಒರೆಸಿ, ಬೆಳಕಿಗೆ ಹಿಡಿದು ಕೊಟ್ಟರು. ಇಪ್ಪತ್ತೇಳು ಇದ್ದವು. ನಾಲ್ಕರ ಮೇಲಿನ ಪೆನ್ಸಿಲ್ ಅಳಿಸಿಹೋಗಿತ್ತು. ಅದರಲ್ಲಿ ಎರಡನ್ನು ಬೆರಳಿಂದ ತೂತು ಮುಟ್ಟಿ ನೋಡಿಯೇ ಯಾವ ಎಂಜಿನ್ ಅಂತ ಹೇಳಿದರು. ಉಳಿದ ಎರಡು ಅವರಿಗೂ ನೆನಪಾಗಲಿಲ್ಲ.